ಸರ್ಜ್ಯಾನ ಝೂಲದ ಕೌದಿ

ಬೆಳಿಗ್ಗೆ ಹಾಸಿಗೆ ಎತ್ತಿ ಕೌದಿ ಮಡಚುವ ಕೆಲಸ ನಮ್ಮ ಮನೆಯಲ್ಲಿ ಈಗ ನನ್ನದು. ನಿವೃತ್ತನಾಗಿ ಬಂದವನಿಗೆ ಮನೆಯವರು ಕೊಡುವ ಮೊದಲ ಹುದ್ದೆ ಇದೇ ಇರಬೇಕು. ಮಡಚುವಾಗ ದಿನಾಲೂ ಒಂದು ಹಸಿರು ಗಿಳಿ ನನ್ನನ್ನು ಕಣ್ಣು ಬಿಟ್ಟುಕೊಂಡು ನೋಡುತ್ತದೆ. ಅದು ಕೂತಿರುವ ಬಟ್ಟೆಯ ಬಣ್ಣವನ್ನು ಗುಲಾಬಿ ಎಂದರೆ ಗುಲಾಬಿ ಹೂವು ಬೇಜಾರು ಮಾಡಿಕೊಂಡೀತು. ನಮ್ಮ ಚಿಕ್ಕೋಡಿ, ನಿಪ್ಪಾಣಿ ಕಡೆ ಅದಕ್ಕೆ ರಾಣಿ ಬಣ್ಣ ಅನ್ನುತ್ತಾರೆ. ಕಣ್ಣು ಮುಚ್ಚಿದ ಮೇಲೂ ಒಂದಷ್ಟು ಹೊತ್ತು ರೆಪ್ಪೆಯ ಒಳಗೆ ನಿಲ್ಲುವ ಬಣ್ಣ ಅದು. ಗಿಳಿಯ ಕಣ್ಣಿಗೆ ಒಂದು ಸಣ್ಣ ಕನ್ನಡಿ ಹಚ್ಚಿದೆ. ಅದರಲ್ಲಿ ಇನ್ನೂ ಮುಖ ತೊಳೆಯದ ನಾನು ಕಾಣುತ್ತೇನೆ. ದಿನದ ಆರಂಭಕ್ಕೆ ಅದು ಅಷ್ಟೇನೂ ಒಳ್ಳೆಯ ನೋಟವಲ್ಲ.

ಕೌದಿಯಲ್ಲೇನು ವಿಶೇಷ ಎಂದು ನೀವು ಅನ್ನಬಹುದು. ಹಳೆ ಸೀರೆ, ಹಳೆ ಧೋತರ ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಹಚ್ಚಿ ಹೊಲಿದ ಹೊದಿಕೆ ನಿಮ್ಮ ಮನೆಯಲ್ಲೂ ಒಂದಿದ್ದೇ ಇರುತ್ತದೆ. ಆದರೆ ನಮ್ಮದು ಎತ್ತಿನ ಝೂಲದ ಕೌದಿ. ಹಬ್ಬದ ಮೆರವಣಿಗೆಯಲ್ಲಿ ಎತ್ತಿನ ಬೆನ್ನ ಮೇಲೆ ಹೊದಿಸುವ ಸಿಂಗಾರದ ಬಟ್ಟೆಗೆ ಝೂಲ ಅನ್ನುತ್ತೇವೆ. ಎತ್ತು ಹೊದ್ದದ್ದನ್ನು ಈಗ ನಾನು ಹೊದ್ದುಕೊಳ್ಳುತ್ತೇನೆ. ಇದನ್ನು ಕೇಳಿದವರು ನಗುವ ಮೊದಲೇ ನಾನೇ ನಕ್ಕುಬಿಡುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಕೌದಿಯ ಸುದ್ದಿಗೆ ಬರುವ ಮೊದಲು ನನ್ನದೊಂದು ಹಳೆಯ ಆಸೆಯ ಸುದ್ದಿ ಹೇಳಬೇಕು. ನಾನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು. ದಿನಾ ಕಬ್ಬೂರಿನಿಂದ ಚಿಕ್ಕೋಡಿಗೆ ಬಸ್ಸು ಹತ್ತಿ ಹೋಗಿ, ಮಕ್ಕಳಿಗೆ ಹೂದಾನಿ, ಬಾಳೆಹಣ್ಣು, ಎರಡು ಗುಡ್ಡದ ನಡುವಿನ ಸೂರ್ಯ ಇವನ್ನೆಲ್ಲ ಬರೆಯಲು ಕಲಿಸಿ ಬಂದವನು. ಅವ್ವನಿಗಷ್ಟೇ ಬಾಳ್ಯಾ, ಊರಿಗೆಲ್ಲ ನಾನು ಮಾಸ್ತರ. ಆದರೂ ನಮ್ಮ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಯಾವ ಬಣ್ಣ ಹೊಡೆಯೋಣ ಎಂದು ಅವ್ವ ಕೇಳುವುದು ಪೇಂಟರನನ್ನು. ನಾನು ಅಲ್ಲೇ ನಿಂತಿರುತ್ತೇನೆ, ಏಣಿ ಹಿಡಿದುಕೊಂಡು.

ಅವ್ವನಿಗೆ ಎಂಬತ್ತು ದಾಟಿದೆ. ಹೊಗಳುವುದರಲ್ಲಿ ಅವಳು ಜಿಪುಣಿ ಎಂದು ತಿಳಿಯಬೇಡಿ. ಬದನೆಕಾಯಿ ಪಲ್ಯಕ್ಕೆ ಛಲೋ ಆಗೇತಿ ಅನ್ನುತ್ತಾಳೆ. ಎಮ್ಮೆಕರುವಿನ ಕಿವಿಗೆ ಛಲೋ ಅದಾವ ಅನ್ನುತ್ತಾಳೆ. ಓಣಿಯ ಒಬ್ಬರ ಅಳಿಯನ ಹಲ್ಲಿಗೂ ಅಂದಿದ್ದಾಳೆ, ಅವು ಕಟ್ಟಿಸಿದ ಹಲ್ಲು ಎಂದು ಗೊತ್ತಿದ್ದೂ. ಆದರೆ ನನ್ನ ಕೈಯಿಂದ ಬಂದ ಯಾವುದಕ್ಕೂ ಆ ಮಾತು ಅವಳ ಬಾಯಿಂದ ಬಿದ್ದಿಲ್ಲ. ಎಂಟನೇ ವಯಸ್ಸಿನಲ್ಲಿ ಹಿತ್ತಲ ಗೋಡೆಯ ಮೇಲೆ ಇದ್ದಿಲಿನಿಂದ ಅವಳು ರೊಟ್ಟಿ ಬಡಿಯುವ ಚಿತ್ರ ಬರೆದೆ. ಬಹಳ ಹೊತ್ತು ನೋಡಿ, "ಈ ಎಮ್ಮಿ ಯಾರ ಮನೀದು?" ಎಂದು ಕೇಳಿದಳು. ಕಾಲೇಜಿನ ದಿನಗಳಲ್ಲಿ ಕೃಷ್ಣಾ ನದಿಯ ಮೇಲೆ ಸೂರ್ಯ ಮುಳುಗುವ ಚಿತ್ರ ಬರೆದು, ಕಟ್ಟು ಹಾಕಿಸಿ ತಂದೆ. "ಎಲ್ಲಿ ಬೆಂಕಿ ಹತ್ತಿತ್ತೋ?" ಎಂದಳು. ನಿವೃತ್ತಿಯ ದಿನ ಶಾಲೆಯವರು ನನಗೆ ಫೇಟಾ ಸುತ್ತಿ, ಶಾಲು ಹೊದಿಸಿ, ನನ್ನ ಕಲಾಸೇವೆಯ ಬಗ್ಗೆ ಮುಕ್ಕಾಲು ತಾಸು ಮಾತಾಡಿದರು. ಮುಂದಿನ ಸಾಲಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡ ಅವ್ವ ಮನೆಗೆ ಬಂದ ಮೇಲೆ, "ಅಷ್ಟೂ ಮಂದಿ ಒಂದ ಸುಳ್ಳ ಹೆಂಗ ಹೇಳಿದ್ರೋ ಏನೋ. ಮೊದಲ ಕುಂತ ಮಾತಾಡಿಕೊಂಡ ಬಂದಿರಬೇಕ," ಎಂದು ಕಾಲು ತೊಳೆಯಲು ಹೋದಳು.

ಅರವತ್ತೆರಡು ವರ್ಷದ ಗಂಡಸು, ಬೊಕ್ಕತಲೆ, ಹೊಟ್ಟೆ, ಊಟಕ್ಕೆ ಮುಂಚೆ ಒಂದು ಗುಳಿಗೆ, ಊಟದ ಮೇಲೆ ಇನ್ನೊಂದು ಗುಳಿಗೆ ಎಲ್ಲ ಇರುವವನು, ತಾಯಿ ಒಮ್ಮೆ ಛಲೋ ಅನ್ನಲಿ ಎಂದು ಕಾಯುವುದು ನಾಚಿಕೆಗೇಡು. ಅದು ನನಗೂ ಗೊತ್ತಿತ್ತು. ಗೊತ್ತಿದ್ದರೇನು, ನನಗೆ ಅದು ಬೇಕಾಗಿತ್ತು.

ಇನ್ನು ಝೂಲ. ಸರ್ಜ್ಯಾ ಎಂಬುದು ನನ್ನ ಅಪ್ಪನ ಬಿಳಿ ಎತ್ತು. ನಾನು ಹುಡುಗನಾಗಿದ್ದಾಗ ಬೆಂದೂರಕ್ಕೆ, ಅಂದರೆ ನಮ್ಮ ಕಡೆಯ ಎತ್ತುಗಳ ಹಬ್ಬಕ್ಕೆ, ಅಪ್ಪ ಅದಕ್ಕೊಂದು ಝೂಲ ಹೊಲಿಸಲು ನಿಪ್ಪಾಣಿಗೆ ಹೋದ. ಅಳತೆಯನ್ನು ದಾರದಲ್ಲಿ ಗಂಟು ಹಾಕಿಕೊಂಡು ಒಯ್ದಿದ್ದ. ಎದೆಯ ಸುತ್ತಳತೆ ನೋಡಿದ ದರ್ಜಿ, ಈ ಪೈಲ್ವಾನ ಯಾವ ಊರಿನವನು ಎಂದು ಕೇಳಿದನಂತೆ. ಅಪ್ಪ ಹೇಳಿದ್ದು ಒಂದೇ ಮಾತು: ಎತ್ತು ಊರ ಈ ತುದಿಯಲ್ಲಿ ನಿಂತರೆ ಆ ತುದಿಯವನಿಗೆ ಕಾಣಬೇಕು. ದರ್ಜಿ ಮಾತು ಉಳಿಸಿಕೊಂಡ. ರಾಣಿ ಬಣ್ಣದ ಬಟ್ಟೆ, ಅದರ ಮೇಲೆ ಹಸಿರು ಗಿಳಿಗಳು, ಗಿಳಿಗಳ ನಡುವೆ ತಾಟಿನಷ್ಟು ದೊಡ್ಡ ಹಳದಿ ಹೂಗಳು, ಎಲ್ಲೆಂದರಲ್ಲಿ ಕನ್ನಡಿ. ಸರ್ಜ್ಯಾನ ಹೆಗಲ ಮೇಲಿನ ಡುಬ್ಬ ಬಹಳ ದೊಡ್ಡದು ಎಂದು ಅದು ಹೊರಗೆ ಬರಲು ಮುಂದಿನ ತುದಿಯ ಹತ್ತಿರ ಒಂದು ದುಂಡನೆಯ ತೂತು ಬೇರೆ ಬಿಟ್ಟಿದ್ದ.

ಬೆಂದೂರದ ದಿನ ಝೂಲ ಹೊದಿಸಿ ಸರ್ಜ್ಯಾನನ್ನು ಅಂಗಳಕ್ಕೆ ತಂದರೆ, ಆರು ವರ್ಷದಿಂದ ಅದರ ಪಕ್ಕದಲ್ಲೇ ನೊಗ ಹೊತ್ತ ರಾಜ್ಯಾ ಎಂಬ ಎತ್ತಿಗೆ ಗುರುತೇ ಸಿಗಲಿಲ್ಲ. ಹಗ್ಗ ಹರಿದುಕೊಂಡು ಓಡಿತು. ಅದು ಯಾಕೆ ಓಡುತ್ತಿದೆ ಎಂದು ನೋಡಲು ಸರ್ಜ್ಯಾ ಅದರ ಹಿಂದೆ ಓಡಿತು. ಹಿಂದೆ ಬರುವ ರಾಣಿ ಬಣ್ಣ ನೋಡಿ ರಾಜ್ಯಾ ಇನ್ನಷ್ಟು ಓಡಿತು. ಇಡೀ ಊರಿನ ಗಂಡಸರು ಹೊಸ ಅಂಗಿ ಹಾಕಿಕೊಂಡು ಎರಡು ಎತ್ತಿನ ಹಿಂದೆ ಓಡಿದರು. ಮೆರವಣಿಗೆ ಅಂತ ಆ ವರ್ಷ ಆದದ್ದು ಅಷ್ಟೇ. ಅಪ್ಪನಿಗೆ ಮಾತ್ರ ಬಹಳ ಸಂತೋಷವಾಗಿತ್ತು, ಯಾಕೆಂದರೆ ಝೂಲ ಊರ ಆ ತುದಿಯವನಿಗೂ ಕಂಡಿತ್ತು.

ಎತ್ತುಗಳು ಹೋದವು, ಅಪ್ಪನೂ ಹೋದ, ಝೂಲ ಟ್ರಂಕಿನ ತಳದಲ್ಲಿ ಉಳಿಯಿತು. ಹೋದ ವರ್ಷ ದಸರೆಗೆ ಮೊದಲು ಮನೆಯ ಹಾಸಿಗೆ ಬಟ್ಟೆಯನ್ನೆಲ್ಲ ತೊಳೆಯಲು ತೆಗೆದಾಗ ಅದು ಹೊರಗೆ ಬಂತು. ಬಣ್ಣ ಒಂದು ಚೂರೂ ಮಾಸಿರಲಿಲ್ಲ. ನನ್ನ ಹೆಂಡತಿ ಸುನಂದಾ ಸೆರಗಿನಿಂದ ಕಣ್ಣಿಗೆ ನೆರಳು ಮಾಡಿಕೊಂಡು, "ಅತ್ತಿ, ಇದನ್ನೇನ ಮಾಡೂದ್ರಿ?" ಎಂದಳು.

"ಕೌದಿ ಹೊಲಿಯೂಣು," ಎಂದಳು ಅವ್ವ. "ಇದ ನನ್ನ ಕಡೀ ಕೌದಿ."

ಒಂಬತ್ತು ವರ್ಷದಿಂದ ಅವ್ವ ವರ್ಷಕ್ಕೊಂದು ಕಡೆಯ ಕೌದಿ ಹೊಲಿಯುತ್ತಿದ್ದಾಳೆ. ಅದಕ್ಕೆ ಯಾರೂ ಗಾಬರಿಯಾಗಲಿಲ್ಲ. ನನಗೆ ಮಾತ್ರ ಎದೆಯಲ್ಲಿ ಒಂದು ದೀಪ ಹತ್ತಿತು. ಇಂಥ ಅಬ್ಬರದ ಬಟ್ಟೆಯನ್ನು ನಡುವೆ ಇಟ್ಟುಕೊಂಡು ಕೌದಿ ಮಾಡುವುದೆಂದರೆ ಅದು ಹೊಲಿಗೆಯ ಕೆಲಸವಲ್ಲ, ವರ್ಣಸಂಯೋಜನೆಯ ಕೆಲಸ. ಮೂವತ್ತೆರಡು ವರ್ಷ ನಾನು ಕಲಿಸಿದ್ದೇ ಅದನ್ನು. ಒಂದು ಬಣ್ಣ ಕೂಗುತ್ತಿದ್ದರೆ ಸುತ್ತಲಿನವು ಪಿಸುಗುಡಬೇಕು ಎಂದು ಹಲಗೆಯ ಮೇಲೆ ಎಷ್ಟು ಸಲ ಬರೆದಿಲ್ಲ. ಈ ಸಲ ಅವ್ವನ ಬಾಯಿಂದ ಆ ಮಾತು ಬರಿಸಿಯೇ ತೀರುತ್ತೇನೆ ಎಂದುಕೊಂಡೆ.

ದೊಡ್ಡ ಡ್ರಾಯಿಂಗ್ ಹಾಳೆ ತಂದೆ. ಸ್ಕೇಲು, ಕಂಪಾಸು, ಬಣ್ಣದ ಪೆನ್ಸಿಲ್ಲು ಹುಡುಕಿ ತೆಗೆದೆ. ಮೂರು ದಿನ ಪಡಸಾಲೆಯಲ್ಲಿ ಬೋರಲು ಬಿದ್ದುಕೊಂಡು ನಕ್ಷೆ ಬರೆದೆ. ನಡುವೆ ಝೂಲ, ಸುತ್ತ ಮಾಸಲು ಬಿಳಿ, ಅದರ ಸುತ್ತ ಬೂದಿ, ಅಂಚಿಗೆ ಕಂದು. ಡುಬ್ಬದ ತೂತಿನಲ್ಲಿ ಕೆನೆಬಣ್ಣದ ಒಂದು ವೃತ್ತ. ಅದಕ್ಕೆ ಬಾಣದ ಗುರುತು ಹಾಕಿ 'ದೃಷ್ಟಿಗೆ ವಿಶ್ರಾಂತಿ' ಎಂದು ಬರೆದೆ. ಕೆಳಗೆ ಮೂಲೆಯಲ್ಲಿ ನನ್ನ ಸಹಿಯನ್ನೂ ಹಾಕಿದೆ.

ನಾಲ್ಕನೇ ದಿನ ಮಧ್ಯಾಹ್ನ ಅವ್ವನ ಮುಂದೆ ಹಾಳೆ ಬಿಚ್ಚಿದೆ. ಪಕ್ಕದ ಮನೆಯ ಗಂಗವ್ವನೂ ಬಂದು ಕೂತಿದ್ದಳು. ಕೌದಿ ಹೊಲಿಯುವುದರಲ್ಲಿ ಅವಳು ಅವ್ವನ ಕಾಯಂ ಜೊತೆಗಾತಿ. ಕೊಗನೊಳ್ಳಿ ಅವಳ ತವರು, ಹಾಗಾಗಿ ಮಾತು ಅರ್ಧ ಕನ್ನಡ, ಅರ್ಧ ಮರಾಠಿ. ಕೌದಿಗೆ ಅವಳು ವಾಕಳ, ಅವ್ವನಿಗೆ ಕಾಕು ಅನ್ನುತ್ತಾಳೆ.

"ಇದೇನ, ಹೊಲದ ನಕಾಶೇನ?" ಎಂದಳು ಅವ್ವ.

"ಕೌದೀದ ಬೇ ಅವ್ವ. ಝೂಲ ಭಾಳ ಒದರತೈತಿ. ಅದಕ್ಕ ಸುತ್ತ ತಣ್ಣನ್ನ ಬಣ್ಣ ಹಾಕೀನಿ. ಕಣ್ಣಿಗೆ ವಿಶ್ರಾಂತಿ ಸಿಗತೈತಿ."

"ಕಣ್ಣಿಗೆ ವಿಶ್ರಾಂತಿ ಬೇಕಂದ್ರ ಮುಚ್ಚಕೊಂಡ ಮಲಗಬೇಕ. ಕೌದಿ ಮಾಡೂದ ಅದಕ್ಕಲಾ?"

ಗಂಗವ್ವ ಹಾಳೆಯ ಮೇಲೆ ಬಗ್ಗಿದಳು. "ಅಗ ಬಾಯಿ, ಮಾಸ್ತರ, ಇಷ್ಟ ಬೂದಿ ಬಣ್ಣದ ವಾಕಳ ಹೊಚಗೊಂಡ್ರ ಮನಷ್ಯಾ ಮುಂಜಾನೆ ಎದ್ದ ಸನ್ಯಾಸ ತಗೋತಾನ್ರಿ."

ಸುನಂದಾ ಮಾತ್ರ ನನ್ನ ಪರವಾಗಿ, "ಮೂರ ದಿನಾ ಕುಂತ ಬರದಾರ, ಅತ್ತಿ. ಒಂದ ಸಲ ಛಂದಂಗೆ ನೋಡರೆ ನೋಡ್ರಿ," ಎಂದಳು.

ಅವ್ವ ಛಂದಾಗಿಯೇ ನೋಡಿದಳು. ನೋಡಿ, "ಇದರಾಗ ಗಿಳಿ ಎಲ್ಲಾ ನೆಟ್ಟಗ ನಿಂತಾವ. ಝೂಲದಾಗ ಹಂಗಿಲ್ಲ," ಎಂದಳು.

ಅದು ನಿಜ. ಝೂಲ ಎತ್ತಿನ ಬೆನ್ನಿನ ಎರಡೂ ಕಡೆ ಇಳಿಬಿದ್ದಿರುತ್ತದೆ. ಎಡಗಡೆ ನೋಡಿದರೂ ಬಲಗಡೆ ನೋಡಿದರೂ ಗಿಳಿಗಳು ನೆಟ್ಟಗೆ ಕಾಣಬೇಕೆಂದು ದರ್ಜಿ ಅವುಗಳ ತಲೆಗಳನ್ನು ಬೆನ್ನಿನ ಕಡೆಗೆ ಮಾಡಿ ಹಚ್ಚಿದ್ದ. ಬಟ್ಟೆಯನ್ನು ನೆಲದ ಮೇಲೆ ಹಾಸಿದರೆ ಅರ್ಧ ಗಿಳಿಗಳು ನೆಟ್ಟಗೆ, ಅರ್ಧ ತಲೆಕೆಳಗು. ಚಿತ್ರಕಲೆ ಕಲಿತವನಿಗೆ ಇದು ಸಹಿಸಲಾಗದ ಸಂಗತಿ.

"ನಡಕ ಕಡದ, ಅರ್ಧಾ ಭಾಗ ತಿರುವಿ ಹಚ್ಚಿದ್ರಾತು," ಎಂದೆ.

"ಝೂಲಕ್ಕ ಕತ್ತರಿ ಹಚ್ಚೂದಿಲ್ಲ."

"ತಲಿ ಕೆಳಗ ಮಾಡಿದ ಗಿಳಿ ಛಲೋ ಕಾಣತಾವೇನ ಬೇ?"

"ಲೇ ಬಾಳ್ಯಾ, ಎತ್ತಿಗೆ ಎರಡ ಮಗ್ಗಲ ಅದಾವ ಅಂತ ಹಂಗ ಮಾಡ್ಯಾರ. ಮಲಗಿದಾಗ ನಿನಗೂ ಎರಡ ಮಗ್ಗಲ. ಮ್ಯಾಲ ಹೊಚಗೊಂಡ್ರ ಈ ಮಗ್ಗಲಿನವೂ ನೆಟ್ಟಗ, ಆ ಮಗ್ಗಲಿನವೂ ನೆಟ್ಟಗ. ಕೌದಿ ಮನಷ್ಯಾನ ಮ್ಯಾಲ ಹೊಚ್ಚೂದು. ಗ್ವಾಡಿಗೆ ಹಾಕೂದಲ್ಲ."

"ಡುಬ್ಬದ ತೂತ?" ಎಂದೆ, ಸೋಲೊಪ್ಪದೆ.

"ಅಲ್ಲಿ ಬರೋಬ್ಬರಿ ಮಾಸ್ತರ ಹೊಟ್ಟಿ ಬರತೈತ್ರಿ ಕಾಕು," ಎಂದಳು ಗಂಗವ್ವ. ಮೂವರೂ ನಕ್ಕರು. ನನ್ನ ಪರವಾಗಿದ್ದ ಸುನಂದಾ ಎಲ್ಲರಿಗಿಂತ ಹೆಚ್ಚು ನಕ್ಕಳು.

ಅವ್ವ ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಹಾಗೆ ಆಗದಿದ್ದಾಗಲೇ ನನಗೆ ಹಟ ಬರುವುದು. ಕೆಲಸ ಮುಗಿದ ಮೇಲೆ ನೋಡಿದರೆ ಅವ್ವ ಒಪ್ಪಿಯೇ ಒಪ್ಪುತ್ತಾಳೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎರಡು ದಿನ ಬಿಟ್ಟು ನಿಪ್ಪಾಣಿಯಲ್ಲಿ ಒಂದು ಅರಿಶಿನದ ಕಾರ್ಯಕ್ರಮ ಇತ್ತು. ಓಣಿಯ ಹೆಂಗಸರೆಲ್ಲ ಒಂದು ಟೆಂಪೋದಲ್ಲಿ ಹೊರಟರು. ನಾನು ಹೊಟ್ಟೆನೋವು ಎಂದು ಹಾಸಿಗೆಯಲ್ಲಿ ಉಳಿದೆ. ಸುನಂದಾ ನನ್ನ ತಲೆಯ ಹತ್ತಿರ ಓಂಕಾಳಿನ ನೀರು ಇಟ್ಟು ಹೋದಳು. ಅದನ್ನು ಕುಡಿಯುವಾಗ ಸ್ವಲ್ಪ ಪಾಪಪ್ರಜ್ಞೆಯಾಯಿತು, ಆದರೂ ಕುಡಿದೆ.

ಟೆಂಪೋದ ಸಪ್ಪಳ ದೂರವಾದ ಮೇಲೆ ಝೂಲ ಹಾಸಿದೆ. ಸ್ಕೇಲು ಇಟ್ಟು ನಡುವೆ ಚಾಕ್‌ಪೀಸಿನಿಂದ ಗೆರೆ ಎಳೆದೆ. ಗೆರೆ ಬಹಳ ನೆಟ್ಟಗೆ ಬಂತು. ಅದರ ಮೇಲೆ ಕತ್ತರಿ ಓಡಿಸಿ ಎರಡು ಭಾಗ ಮಾಡಿ, ಒಂದನ್ನು ತಿರುಗಿಸಿಟ್ಟೆ. ಗಿಳಿಗಳೆಲ್ಲ ಒಂದೇ ದಿಕ್ಕಿಗೆ ತಲೆ ಎತ್ತಿ ನಿಂತವು, ಶಾಲೆಯ ಪ್ರಾರ್ಥನೆಗೆ ನಿಂತಂತೆ. ನನಗೆ ಎಷ್ಟು ಆನಂದವಾಯಿತೆಂದರೆ ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ನೋಡಿದೆ.

ಆಗ ಡುಬ್ಬದ ತೂತು ಕಣ್ಣಿಗೆ ಬಿತ್ತು. ತೂತು ಇದ್ದದ್ದು ನಡುವಿನ ಗೆರೆಯ ಮೇಲೆ. ಬಟ್ಟೆಯ ಜೊತೆ ಅದೂ ಎರಡು ಹೋಳಾಗಿ, ಒಂದು ಹೋಳು ನಡುವೆ ಉಳಿದು, ಇನ್ನೊಂದು ತಿರುಗಿ ಎದುರಿನ ಮೂಲೆಯ ಅಂಚಿಗೆ ಹೋಗಿತ್ತು. ಇಲ್ಲೊಂದು ಕಚ್ಚಿದ ಗುರುತು, ಅಲ್ಲೊಂದು ಕಚ್ಚಿದ ಗುರುತು. ನಡುವೆ ಹಾಕಿದ ಗೆರೆ ತೂತಿನ ಮೇಲೆಯೇ ಹಾದುಹೋಗುತ್ತದೆ ಎಂಬುದು, ಮೂವತ್ತೆರಡು ವರ್ಷ ವೃತ್ತವನ್ನು ಸಮಭಾಗ ಮಾಡಲು ಕಲಿಸಿದವನಿಗೆ ಹೊಳೆದಿರಲಿಲ್ಲ. ಇಲಿ ಕಡಿದಿದೆ ಎಂದು ಹೇಳಿದರೆ ಹೇಗೆ ಎಂದು ಅರ್ಧ ತಾಸು ಯೋಚಿಸಿದೆ. ಯಾವ ಇಲಿಯೂ ಚಾಕ್‌ಪೀಸಿನ ಗೆರೆ ಹಾಕಿಕೊಂಡು ಕಡಿಯುವುದಿಲ್ಲ.

ಸಂಜೆ ಅವ್ವ ಬಂದಳು. ಎರಡು ತುಂಡು ನೋಡಿದಳು. "ಯಾರ?" ಎಂದಳು.

"ನಾನ," ಎಂದೆ.

ಬೈಯುತ್ತಾಳೆ ಎಂದು ತಯಾರಾಗಿ ನಿಂತಿದ್ದೆ. ಅವಳು ಬೈಯಲಿಲ್ಲ. ಗೋಡೆಗೆ ಒರಗಿ ಕೂತು, ಎರಡೂ ತುಂಡನ್ನು ತೊಡೆಯ ಮೇಲೆ ಹಾಕಿಕೊಂಡು, ಕಡಿದ ಅಂಚನ್ನು ಬೆರಳಿನಿಂದ ಸವರುತ್ತ ಕೂತಳು. ಅಪ್ಪ ನಿಪ್ಪಾಣಿಯಿಂದ ಅದನ್ನು ಹೆಗಲ ಮೇಲೆ ಹಾಕಿಕೊಂಡು ಬಂದದ್ದು ನನಗೇ ನೆನಪಿದೆ ಎಂದ ಮೇಲೆ ಅವಳಿಗೆ ಇರುವುದಿಲ್ಲವೇ. ನನಗೆ ಬಹಳ ಕೆಟ್ಟದೆನಿಸಿತು. ಛಲೋ ಅನ್ನಿಸಿಕೊಳ್ಳಲು ಹೋಗಿ ಎಂಥ ಕೆಲಸ ಮಾಡಿದೆ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

"ತಪ್ಪಾತ ಬೇ ಅವ್ವ."

"ಕಡದಾಂವನ ಹೊಲೀಬೇಕ," ಎಂದಳು ಅವ್ವ. "ಈ ಸಲ ನಾಕನೇ ಬದಿಗೆ ನೀ ಕುಂಡರು."

ಕೌದಿಗೆ ನಾಲ್ಕು ಬದಿ, ಬದಿಗೊಬ್ಬರು. ಅಂಚಿನಿಂದ ಸುತ್ತು ಸುತ್ತಾಗಿ ಹೊಲಿಯುತ್ತ ನಡುವಿಗೆ ಬರುವುದು ನಮ್ಮಲ್ಲಿಯ ಪದ್ಧತಿ. ಅವ್ವ, ಸುನಂದಾ, ಗಂಗವ್ವ ಮೂವರಿದ್ದರು. ನಾಲ್ಕನೆಯವಳಾದ ಗಂಗವ್ವನ ಸೊಸೆ ಬಾಣಂತನಕ್ಕೆ ಅಥಣಿಗೆ ಹೋಗಿದ್ದಳು. ಹೀಗೆ ಒಬ್ಬ ಬಾಣಂತಿಯ ಜಾಗಕ್ಕೆ ನನ್ನ ನೇಮಕವಾಯಿತು.

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಅವ್ವ ಚಿಂದಿಯ ಗಂಟು ಬಿಚ್ಚಿದಳು. ಹಾಳೆಯಿಲ್ಲ, ಪೆನ್ಸಿಲ್ಲಿಲ್ಲ. ಝೂಲದ ಎರಡೂ ಭಾಗವನ್ನು ಮೊದಲಿನ ಹಾಗೆಯೇ ಎದುರುಬದುರು ಇಟ್ಟು, ನಾನು ಕಡಿದ ಗೀರನ್ನು ಮುಚ್ಚಲು ನಡುವೆ ಉದ್ದಕ್ಕೆ ಕಡು ಹಳದಿ ಪಟ್ಟಿ ಹಾಕಿಸಿದಳು. ಡುಬ್ಬದ ತೂತಿಗೆ ಸುನಂದಾಳ ಮದುವೆಯ ಕುಬಸದ ಹಸಿರು ಖಣದ ತುಂಡು. ಉಳಿದ ಕನ್ನಡಿಗಳನ್ನೆಲ್ಲ ಚುಚ್ಚುತ್ತವೆ ಎಂದು ಕೀಳಿಸಿ, ಗಿಳಿಗಳು ಕುರುಡಾಗಬಾರದು ಎಂದು ಕಣ್ಣುಗಳನ್ನಷ್ಟೇ ಬಿಟ್ಟಳು. ಆಮೇಲೆ ಸೊಂಟದ ಮೇಲೆ ಕೈ ಇಟ್ಟು ನಿಂತು, ಕಾಲಿನ ಹೆಬ್ಬೆರಳಿನಿಂದ ಒಂದೊಂದೇ ತುಂಡನ್ನು ಝೂಲದ ಸುತ್ತ ಸರಿಸತೊಡಗಿದಳು. ಕಿತ್ತಳೆ, ನೀಲಿ, ಕೆಂಪಿನಲ್ಲಿ ಬಿಳಿ ಚುಕ್ಕೆ, ಗಂಗವ್ವ ತಂದ ಕಡು ನೇರಳೆ.

"ಎಲ್ಲಾ ಒದರೂವ ಬಣ್ಣ ಹಾಕಾಕತ್ತಿಯಲ್ಲ ಬೇ," ಎಂದೆ, ತಡೆಯಲಾರದೆ.

"ಬಾಯಿ ಜೋರ ಇದ್ದಾಕಿನ ಮಗ್ಗಲಕ ಮೆತ್ತಗಿನಾಕಿ ಕುಂಡರಿಸಿದ್ರ ಏನಾಗತೈತಿ? ಬರೇ ಒಬ್ಬಾಕಿದ ಕೇಳಸತೈತಿ. ಅಕಿ ಮಗ್ಗಲಕ ಅಕಿನಂಥಾ ಇನ್ನೂ ನಾಕ ಮಂದಿ ಕುಂಡರಸ. ತಾವ ಮಾತಾಡಿಕೊಂತ ಆರಾಮ ಇರತಾರ."

ಇಪ್ಪತ್ತು ನಿಮಿಷದಲ್ಲಿ ಮುಗಿಸಿದಳು. ನೋಡಿದೆ. ಹೇಳಲು ಸಂಕಟವಾಗುತ್ತದೆ, ಆದರೂ ಹೇಳುತ್ತೇನೆ: ಅದು ಸರಿಯಾಗಿತ್ತು. ಅಷ್ಟು ಬಣ್ಣಗಳ ನಡುವೆ ಝೂಲ ಮೊದಲ ಬಾರಿಗೆ ಮನೆಯವರ ನಡುವೆ ಕೂತ ಹಾಗೆ ಕೂತಿತ್ತು. ನನ್ನ ಬೂದಿ ಬಣ್ಣದ ನಡುವೆ ಅದು ಕೆಟ್ಟು ಹೋಗುತ್ತಿತ್ತು. ಇಷ್ಟು ವರ್ಷ ನಾನು ಮಕ್ಕಳಿಗೆ ಕಲಿಸಿದ ಪಾಠವನ್ನು ನೆನೆದು, ಅವರೆಲ್ಲ ಈಗ ತಮ್ಮ ತಮ್ಮ ಮನೆಗೆ ಎಂಥ ಬಣ್ಣ ಹೊಡೆಸಿರಬಹುದು ಎಂದು ಹೆದರಿಕೆಯಾಯಿತು.

ಪದರಗಳನ್ನು ಹಾಸುವಾಗ ಕೌದಿಯ ಹೊಟ್ಟೆ ತುಂಬಿಸುವ ಶಾಸ್ತ್ರ ಒಂದಿದೆ. ನಡುವಿನ ಪದರದಲ್ಲಿ ತಿನ್ನುವಂಥದ್ದು ಏನಾದರೂ ಒಂದು ಚೂರು ಇಡಬೇಕು. ಹಸಿದ ಕೌದಿ ಹೊದ್ದವನಿಗೆ ನಿದ್ದೆ ಕೊಡುವುದಿಲ್ಲವಂತೆ. ಅವ್ವ ರೊಟ್ಟಿಯ ಚೂರು ತಂದಳು. ಗಂಗವ್ವ ಹೋಳಿಗೆಯ ಚೂರು ತಂದಿದ್ದಳು. ಯಾವುದು ಇಡಬೇಕು ಎಂದು ಇಬ್ಬರ ನಡುವೆ ಒಂದಷ್ಟು ಹೊತ್ತು ವಾದವಾಗಿ, ಕೊನೆಗೆ ಎರಡನ್ನೂ ಇಟ್ಟರು. ನನಗೆ ಚಿಕ್ಕಂದಿನ ಸಂಗತಿ ನೆನಪಾಯಿತು. ಆಗ ಅವ್ವ ಒಂದು ಕೌದಿಯ ಹೊಟ್ಟೆಗೆ ಬೆಲ್ಲದ ಹೆಂಟೆ ಇಟ್ಟದ್ದನ್ನು ನಾನು ನೋಡಿದ್ದೆ. ಒಂದು ವಾರ ತಾಳಿಕೊಂಡೆ. ಆಮೇಲೆ ಕೌದಿಯೊಳಗೆ ಮುಖ ಹುದುಗಿಸಿ, ಬೆಲ್ಲ ಇದ್ದ ಜಾಗವನ್ನು ಬಟ್ಟೆಯ ಮೇಲಿನಿಂದಲೇ ಚೀಪತೊಡಗಿದೆ. ಬೆಲ್ಲದ ರುಚಿ ಹತ್ತಲು ನಾಲ್ಕು ದಿನ ಬೇಕಾಯಿತು. ಅಷ್ಟರಲ್ಲಿ ಇರುವೆಗಳೂ ಅದೇ ಕೆಲಸಕ್ಕೆ ಬಂದಿದ್ದವು. ನನ್ನ ತುಟಿ ಊದಿದ್ದನ್ನು ನೋಡಿ ಅಪ್ಪ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಏನು ಕಚ್ಚಿತು ಎಂದು ಡಾಕ್ಟರು ಕೇಳಿದರೆ, ಕೌದಿ ಎಂದೆ.

ಹೊಲಿಗೆ ಶುರುವಾಯಿತು. ಮೊದಲ ದಿನದ ನನ್ನ ಹೊಲಿಗೆ ನೋಡಿ ಅವ್ವ, "ಎಮ್ಮಿ ಹೆಜ್ಜಿ," ಎಂದು ಬಿಚ್ಚಿಸಿದಳು. ಎರಡನೇ ದಿನದ್ದೂ ಬಿಚ್ಚಿಸಿದಳು. ಮೂರನೇ ದಿನ ಗಂಗವ್ವ, "ಕಾಕು, ಮಾಸ್ತರ ಹೊಲ್ಯಾಕತ್ತಾರೋ, ಬಿಚ್ಚೂದು ಕಲ್ಯಾಕತ್ತಾರೋ?" ಎಂದು ಕೇಳಿದಳು. ನನ್ನ ನಕ್ಷೆ ಹೋಯಿತು, ಝೂಲ ಕಡಿದೆ, ಬಣ್ಣದ ವಿದ್ಯೆಯೂ ಕೈಕೊಟ್ಟಿತು. ಇನ್ನು ಉಳಿದದ್ದು ಒಂದು ಸೂಜಿ. ಇದರಲ್ಲಾದರೂ ಅವ್ವನ ಬಾಯಿಂದ ಆ ಮಾತು ಬರುತ್ತದೆಯೋ ನೋಡೇಬಿಡೋಣ ಎಂದು ಕನ್ನಡಕ ಒರೆಸಿಕೊಂಡು ಕೂತೆ.

ಮೈಯೆಲ್ಲ ಕಣ್ಣಾಗಿ ಹೊಲಿದೆ. ಒಂದು ಹೊಲಿಗೆಗೂ ಇನ್ನೊಂದಕ್ಕೂ ಅಕ್ಕಿಕಾಳಿನಷ್ಟು ಅಂತರ, ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೆಂಗಸರು ರಾಯಬಾಗದ ಯಾರದೋ ಮದುವೆ ಮುರಿದದ್ದು, ಯಾರದೋ ಸೊಸೆ ಮೊಬೈಲು ನೋಡುತ್ತ ಹಾಲು ಉಕ್ಕಿಸಿದ್ದು ಎಲ್ಲ ಮಾತಾಡುತ್ತಿದ್ದರು. ನನಗೆ ಯಾವುದೂ ಕಿವಿಗೆ ಬೀಳಲಿಲ್ಲ. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಹೋಗುತ್ತಿದ್ದವು. ಅವ್ವ ಆಗಾಗ ನನ್ನ ಕಡೆ ನೋಡುತ್ತಿದ್ದಳು. ಬಿಚ್ಚು ಎಂದು ಮಾತ್ರ ಮತ್ತೆ ಹೇಳಲಿಲ್ಲ. ನನ್ನ ಆಸೆ ಅಷ್ಟಕ್ಕೇ ಚಿಗುರಿತು.

ಹದಿನೈದನೇ ದಿನ ನಾಲ್ವರೂ ನಡುವಿಗೆ ಬಂದೆವು. ಚಳಿ ಬಹಳವಿತ್ತು. ನಾನು ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಬೆಚ್ಚಗೆ ಕೂತು ಕೊನೆಯ ಸುತ್ತು ಹೊಲಿದೆ. ಅಷ್ಟು ಚಂದದ ಸಾಲು ನಾನು ಜೀವಮಾನದಲ್ಲಿ ಎಳೆದಿರಲಿಲ್ಲ, ಪೆನ್ಸಿಲ್ಲಿನಿಂದಲೂ ಇಲ್ಲ. ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದೆ.

"ಮುಗೀತ," ಎಂದಳು ಅವ್ವ. "ಏಳ್ರಿ, ಝಾಡಿಸೂಣು."

ಮೂವರು ಎದ್ದರು. ನಾನೂ ಎದ್ದೆ. ನನ್ನ ಜೊತೆ ಕೌದಿಯೂ ಎದ್ದಿತು. ಒಂದು ಹೆಜ್ಜೆ ಹಿಂದೆ ಸರಿದೆ, ಕೌದಿಯೂ ಸರಿಯಿತು. ಸುನಂದಾ ತನ್ನ ಕಡೆಯಿಂದ ಎಳೆದಳು. ನನ್ನ ಲುಂಗಿ ಸೊಂಟದಿಂದ ಸಡಿಲಾಯಿತು. ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು ಧಪ್ಪನೆ ಕೂತುಬಿಟ್ಟೆ. ಕೌದಿಯ ಮೂರು ಪದರದ ಜೊತೆಗೆ ನನ್ನ ಲುಂಗಿಯ ಮುಂಭಾಗವನ್ನೂ ಒಂದೇ ಸಮನೆ ಹೊಲಿದುಕೊಂಡಿದ್ದೆ.

"ಎಡಗೈ ಕೌದಿ ಬುಡಕ ಇಟಗೊಂಡ ಹೊಲೀಬೇಕ್ರಿ, ಸೂಜಿ ಮೊನಿ ಬೆರಳಿಗೆ ಹತ್ತಾಕ," ಎಂದಳು ಸುನಂದಾ. "ಇಷ್ಟ ದಿನಾ ನೀವ ಎಡಗೈ ಎಲ್ಲಿ ಇಟಗೊಂಡಿದ್ರಿ?"

ಎಡಗೈಯಲ್ಲಿ ಮೂಗಿನಿಂದ ಜಾರುವ ಕನ್ನಡಕ ಹಿಡಿದುಕೊಂಡಿದ್ದೆ. ಗಂಗವ್ವ ನಗುತ್ತ ನಗುತ್ತ ಕಂಬ ಹಿಡಿದು ಕೂತುಬಿಟ್ಟಳು. "ಅರೆ ದೇವಾ," ಎಂದು ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ದೇವರನ್ನು ಕರೆದಳು. ನಾನು ನೆಲ ನೋಡುತ್ತ ಕೂತೆ. ಕಡೆಗೆ ಹೊಲಿಗೆಯೂ ಹೀಗಾಯಿತಲ್ಲ ಎಂದು ಅಳು ಬರುವುದೊಂದು ಬಾಕಿ ಇತ್ತು.

ಅವ್ವ ನಗಲಿಲ್ಲ. ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ನನ್ನ ಪಕ್ಕಕ್ಕೆ ಕೂತಳು. ಕೌದಿಯ ಅಂಚು ಎತ್ತಿ, ಲುಂಗಿ ಅಂಟಿಕೊಂಡ ಒಳಗಿನ ಬದಿಯನ್ನು ಹೊರಳಿಸಿ, ಕಣ್ಣಿನ ಹತ್ತಿರ ತಂದುಕೊಂಡಳು. ಹೊಲಿಗೆಯ ಸಾಲಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬೆರಳು ಓಡಿಸಿದಳು. ಮತ್ತೊಮ್ಮೆ ಓಡಿಸಿದಳು.

"ಗಂಗವ್ವಾ, ನಕ್ಕಿದ್ದ ಸಾಕ. ಇಲ್ಲಿ ಬಂದ ನೋಡ," ಎಂದಳು. "ಒಂದರ ಮಗ್ಗಲ ಒಂದ, ಎಷ್ಟ ಸಣ್ಣ ಹಾಕ್ಯಾನ ನೋಡ. ನನ್ನವೂ ಇಷ್ಟ ಸಣ್ಣ ಬರೂದಿಲ್ಲ. ಛಲೋ ಹೊಲದಾನ ಬಾಳ್ಯಾ."

ಸುನಂದಾ ಲುಂಗಿಯನ್ನು ಮುಟ್ಟಿ, "ಇಷ್ಟ ಬಿಚ್ಚೂಣೇನ್ರಿ ಅತ್ತಿ?" ಎಂದು ಕೇಳಿದಳು.

"ಇಂಥಾ ಹೊಲಿಗಿ ಯಾರರೆ ಬಿಚ್ಚತಾರೇನ? ಲುಂಗಿ ಕಡಿ. ಕತ್ತರಿ ತಗೊಂಬಾ."

ಸುನಂದಾ ಕತ್ತರಿಗೆ ಹೋದಳು.

"ಏನಂದಿ ಬೇ ಅವ್ವ? ಕೇಳಸಲಿಲ್ಲ," ಎಂದೆ.

ಕೇಳಿಸಿತ್ತು.

"ಕಿವಿನೂ ಹೋದುವೇನ? ಛಲೋ ಹೊಲದಿ ಅಂದೆ," ಎಂದಳು ಅವ್ವ. "ಕಾಲ ಹಿಂದ ತಗೋ. ಕತ್ತರಿ ಬಡದೀತು."

ನಾನು ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ. ಸುನಂದಾ ಎಷ್ಟು ಬೇಕೋ ಅಷ್ಟು ಕಡಿದುಕೊಳ್ಳಲಿ ಎಂದು ಹಾಗೆಯೇ ಕೂತೆ.